ಮೊದಲು ನಿಲ್ಲಲಿ, ಆಮೇಲೆ ಓಡಲಿ

ರಜೆಗೆಂದು ಊರ ಕಡೆ ಬರುವ ನನ್ನ ಹಳೆಯ ವಿದ್ಯಾರ್ಥಿಗಳು ಮನೆಯ ಮೆಟ್ಟಿಲು ಹತ್ತುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: “ಸರ್, ಆ ಬಿಳಿ ಎಸ್ಟೀಮ್ ಇನ್ನೂ ಇದೆಯೇ?” ನನ್ನ ಆರೋಗ್ಯದ ವಿಚಾರಣೆ ಅದರ ನಂತರ. ನನಗೆ ಇದರಲ್ಲಿ ಬೇಸರವಿಲ್ಲ. ಎಪ್ಪತ್ತು ದಾಟಿದವನ ಮಂಡಿನೋವಿಗಿಂತ ಇಪ್ಪತ್ತು ದಾಟಿದ ಕಾರಿನ ಸಮಾಚಾರವೇ ಕೇಳುವುದಕ್ಕೆ ಹಿತವಾದದ್ದು.

ಕಾರು ಇದೆ. ಶಿರಸಿ–ಸಿದ್ದಾಪುರ ರಸ್ತೆಯಿಂದ ಒಳಗೆ ಸರಿದ ನಮ್ಮ ಮನೆಯ ಅಂಗಳದ ಅಂಚಿನಲ್ಲಿ, ಒಂದು ಕಾಲಕ್ಕೆ ಅಡಿಕೆ ಬೇಯಿಸುವ ಒಲೆಯಿದ್ದ ಮಾಡಿನ ಕೆಳಗೆ ನಿಂತಿದೆ. ಓಡುತ್ತದೆ ಕೂಡ. ಆದರೆ ಅದನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ಈಗ ಬಿಸಿಯಾಗಿರುವುದರಿಂದ ನನ್ನ ಅಭಿಪ್ರಾಯವನ್ನು ಬರೆದಿಟ್ಟುಬಿಡೋಣ ಎನ್ನಿಸಿತು. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದರೆ ಸೋಲುವವನು ಯಾವಾಗಲೂ ನಾನೇ.

ತಿಳಿಯದವರಿಗಾಗಿ ಎರಡು ಮಾತು. ಮಾರುತಿ ಸಂಸ್ಥೆ 1990ರಲ್ಲಿ ಮಾರುತಿ 1000 ಎಂಬ ಡಿಕ್ಕಿಯುಳ್ಳ ಕಾರನ್ನು ತಂದಿತು. ನೋಡಲು ಚೆಂದ, ಆದರೆ ಅದರ ಎಂಜಿನ್ನು 970 ಸಿ.ಸಿ.ಯದು, ಘಟ್ಟ ಹತ್ತುವಾಗ ಏದುಸಿರು. 1994ರಲ್ಲಿ ಅದೇ ಮೈಕಟ್ಟಿಗೆ 1298 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್ನು ಕೂರಿಸಿ ಎಸ್ಟೀಮ್ ಎಂದು ಹೆಸರಿಟ್ಟರು. ಕೆಲವು ವರ್ಷಗಳ ಮೇಲೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಾಗ ಅದರ ಶಕ್ತಿ 85 ಅಶ್ವಶಕ್ತಿಗೆ ಏರಿತು. ಕಾರಿನ ತೂಕವೋ ಒಂಬೈನೂರು ಕಿಲೋಗ್ರಾಮಿಗೂ ಒಳಗೆ. ಅದೇ ಕಾಲದ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನು 1489 ಸಿ.ಸಿ.ಯದಾದರೂ ಐವತ್ತರ ಆಸುಪಾಸಿನ ಅಶ್ವಶಕ್ತಿಯದು. ಮೈಭಾರ ಮಾತ್ರ ಇದಕ್ಕಿಂತ ಎಷ್ಟೋ ಹೆಚ್ಚು. ಬಲವನ್ನು ಭಾರದಿಂದ ಭಾಗಿಸಿ ನೋಡಿದರೆ ಎಸ್ಟೀಮ್ ಏಕೆ ಚಿಮ್ಮುತ್ತಿತ್ತು ಎಂಬುದು ಒಂಬತ್ತನೆಯ ತರಗತಿಯ ಹುಡುಗನಿಗೂ ಅರ್ಥವಾಗುತ್ತದೆ. ರ‍್ಯಾಲಿಗಳಲ್ಲಿ, ಶ್ರೀಪೆರಂಬುದೂರಿನ ಮತ್ತು ಕೊಯಮತ್ತೂರಿನ ರೇಸ್ ಪಥಗಳಲ್ಲಿ ಈ ಕಾರುಗಳು ಮೆರೆದದ್ದು ಅದೇ ಕಾರಣಕ್ಕೆ. 2008ರ ಹೊತ್ತಿಗೆ ಅದರ ತಯಾರಿಕೆ ನಿಂತುಹೋಗಿತ್ತು. ನಾನು ಕೊಂಡದ್ದು ಆ ವರ್ಷವೇ. 2002ರ ಸಪ್ಟೆಂಬರಿನಲ್ಲಿ ನೋಂದಣಿಯಾದ ಗಾಡಿಯನ್ನು, ಹುಬ್ಬಳ್ಳಿಯಲ್ಲಿ, ಒಂದೂವರೆ ಲಕ್ಷ ಕೊಟ್ಟು. ಮಾಸ್ತರನೊಬ್ಬನಿಗೆ ಇಂಥ ಚುರುಕು ಕಾರು ಏಕೆ ಎಂದು ಭಾವನವರು ಆಗಲೇ ಕೇಳಿದ್ದರು. ಸಿಕ್ಕಿತು, ಕೊಂಡೆ, ಅಷ್ಟೇ ಎಂದಿದ್ದೆ. ಅದು ಪೂರ್ತಿ ನಿಜವಲ್ಲ. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಈಗಿನ ತಕರಾರು ಇದು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2017ರಲ್ಲಿ ಶಿರಸಿಯ ಸಾರಿಗೆ ಕಚೇರಿಯಲ್ಲಿ ನಾನು ಕಟ್ಟಿದ್ದು ಕೆಲವು ನೂರು ರೂಪಾಯಿ. 2022ರ ಏಪ್ರಿಲಿನಿಂದ ಕೇಂದ್ರದ ಹೊಸ ನಿಯಮದಂತೆ ಆರುನೂರಿದ್ದ ಶುಲ್ಕ ಐದು ಸಾವಿರವಾಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಹತ್ತು ಸಾವಿರವೆಂದು ಅಧಿಸೂಚನೆ ಹೊರಟಿತು. ನಮ್ಮ ಕಾರಿನ ಸರದಿ 2027ಕ್ಕೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಲೆಕ್ಕ ಹಾಕಿ ಹೇಳುತ್ತಾನೆ: “ಅಪ್ಪಯ್ಯ, ಗುಜರಿಗೆ ಕೊಟ್ಟುಬಿಡು. ನಾನು ಸಣ್ಣದೊಂದು ಎಲೆಕ್ಟ್ರಿಕ್ ಕಾರು ತೆಗೆಸಿಕೊಡುತ್ತೇನೆ.” ಅವನ ಪ್ರೀತಿಯಲ್ಲಿ ಸಂಶಯವಿಲ್ಲ, ಲೆಕ್ಕದಲ್ಲಿಯೂ ತಪ್ಪಿಲ್ಲ. ಹದಿನೇಳು ವರ್ಷಗಳಿಂದ ಕಾರಿನ ಖರ್ಚನ್ನು ಬರೆದಿಡುತ್ತಿರುವ ನನ್ನ ನೋಟ್‌ಬುಕ್ಕಿನ ಪ್ರಕಾರ ರಿಪೇರಿಗೆ ಹೋದ ಹಣ ಕೊಂಡ ಬೆಲೆಯ ಎರಡರಷ್ಟಾಗಿದೆ.

ಆದರೂ ಕೊಡುವುದಿಲ್ಲ ಎನ್ನುವುದು ನನ್ನ ನಿಲುವು. ಹಠಕ್ಕಾಗಿ ಅಲ್ಲ.

ಈ ಕಥೆಯ ನಿಜವಾದ ಆರಂಭ 2011ರ ದೀಪಾವಳಿ. ಮಗ ಆಗ ಇಂಜಿನಿಯರಿಂಗ್ ವಿದ್ಯಾರ್ಥಿ. ಕಾರು ನೆಲಕ್ಕೆ ಅಂಟಿದಂತೆ ತಗ್ಗಾಗಿದ್ದರೆ ನೋಡಲು ರೇಸಿನದರಂತೆ ಇರುತ್ತದೆಂದು ಗೆಳೆಯರ ಜೊತೆ ಸೇರಿ ನಾಲ್ಕೂ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಕತ್ತರಿಸಿಕೊಂಡು ಬಂದಿದ್ದ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದರ ಬಿಗಿ ಹೆಚ್ಚುತ್ತದೆ ಎಂಬುದನ್ನು ನಾನು ಪಾಠ ಮಾಡಿದ್ದೇನೆಯೇ ಹೊರತು, ನನ್ನ ಮಗ ಅದನ್ನು ನನ್ನ ಕಾರಿನ ಮೇಲೆ ಪ್ರಯೋಗ ಮಾಡುತ್ತಾನೆಂದು ಎಣಿಸಿರಲಿಲ್ಲ. ಹುಬ್ಬಳ್ಳಿಯ ಡಾಂಬರಿನ ಮೇಲೆ ಸರಿ. ನಮ್ಮ ಮನೆಯ ದಾರಿ ಹೇಗಿದೆಯೆಂದು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನರಕ ಚತುರ್ದಶಿಯ ಹಿಂದಿನ ರಾತ್ರಿ ಕಾಲುವೆ ದಾಟುವಲ್ಲಿನ ಚಿರೆಕಲ್ಲು ಎಂಜಿನ್ನಿನ ಬುಡದ ಆಯಿಲ್ ಚೇಂಬರಿಗೆ ಬಡಿಯಿತು. ಒಳಗೆ ಹಾಡು ದೊಡ್ಡದಾಗಿ ಹಚ್ಚಿಕೊಂಡಿದ್ದ ಮಗನಿಗೆ ಸದ್ದು ಕೇಳಲಿಲ್ಲ. ಕೆಂಪು ದೀಪ ಹತ್ತಿದ್ದನ್ನು ನೋಡಿಯೂ ‘ಮನೆ ಹತ್ತಿರವೇ ಇದೆಯಲ್ಲ’ ಎಂದುಕೊಂಡು ಬಂದುಬಿಟ್ಟ. ಬೆಳಗ್ಗೆ ನೋಡಿದರೆ ದಾರಿಯುದ್ದಕ್ಕೂ ಎಣ್ಣೆಯ ಗೆರೆ. ಎಂಜಿನ್ನು ಚಾಲೂ ಮಾಡಿದರೆ ಒಳಗಿನಿಂದ ಸುತ್ತಿಗೆಯ ಪೆಟ್ಟಿನಂಥ ಸದ್ದು. ಎಣ್ಣೆಸ್ನಾನ ಆ ವರ್ಷ ಮನುಷ್ಯರಿಗಿಂತ ಮೊದಲು ದಾರಿಗಾಯಿತು ಎಂದು ನನ್ನಾಕೆ ಇಂದಿಗೂ ಹೇಳಿ ನಗುತ್ತಾಳೆ.

ಹಬ್ಬದ ಮರುದಿನ ನೆರೆಮನೆಯವರ ಜೀಪಿಗೆ ಹಗ್ಗ ಕಟ್ಟಿ ಶಿರಸಿಯ ಹೊರವಲಯದ ಗ್ಯಾರೇಜೊಂದಕ್ಕೆ ಎಳೆದೊಯ್ದೆವು. ಅಲ್ಲಿ ಲಾರಿಯ ಕೆಳಗಿನಿಂದ ಹೊರಬಂದ ಮನುಷ್ಯ ಕೈಯನ್ನು ಹಳೆಯ ಬಟ್ಟೆಗೆ ಒರೆಸಿಕೊಳ್ಳುತ್ತ ನನ್ನನ್ನೇ ದಿಟ್ಟಿಸಿ ನೋಡಿ, “ಸರ್, ನೀವಾ?” ಎಂದ.

ನನಗೆ ಗುರುತು ಸಿಕ್ಕಲು ಎರಡು ನಿಮಿಷ ಬೇಕಾಯಿತು. 1994ರಲ್ಲಿ ಯಲ್ಲಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಇದ್ದ ಹುಡುಗ. ಅವನ ತಂದೆಯದು ಅರಬೈಲ್ ಘಟ್ಟದ ಹೆದ್ದಾರಿಯ ಬದಿಯಲ್ಲಿ ಚಹಾದಂಗಡಿ. ಹುಬ್ಬಳ್ಳಿ–ಅಂಕೋಲಾ ನಡುವಿನ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಹುಡುಗ ಶಾಲೆಗಿಂತ ಹೆಚ್ಚು ಹೊತ್ತು ಲಾರಿಗಳ ಬುಡದಲ್ಲಿ ಇರುತ್ತಿದ್ದ. ಒಂದು ದಿನ ಅವನು ಪಾಠದ ನಡುವೆ ಎದ್ದು ನಿಂತು, “ಸರ್, ಘಟ್ಟ ಇಳಿಯುವಾಗ ಲಾರಿಯವರು ಬ್ರೇಕ್ ಒತ್ತದೆ ಗೇರು ಇಳಿಸುತ್ತಾರಲ್ಲ, ಗೇರಿನಿಂದ ಗಾಡಿ ಹೇಗೆ ತಡೆಯುತ್ತದೆ?” ಎಂದು ಕೇಳಿದ. ನಾನು ಕೊಟ್ಟ ಉತ್ತರ ಇದು: “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ.” ಕೆಲವು ದಿನಗಳ ಮೇಲೆ ಅವನ ನೋಟ್‌ಬುಕ್ಕು ತಿದ್ದುವಾಗ ಒಳರಟ್ಟಿಗೆ ಪತ್ರಿಕೆಯಿಂದ ಕತ್ತರಿಸಿದ ಹೊಸ ಎಸ್ಟೀಮ್ ಕಾರಿನ ಜಾಹೀರಾತು ಅಂಟಿಸಿದ್ದು ಕಂಡಿತು. ಪುಸ್ತಕವನ್ನು ಎತ್ತಿ ಇಡೀ ತರಗತಿಗೆ ತೋರಿಸಿ, “ನೀನು ಗ್ಯಾರೇಜಿನಲ್ಲಿ ಪಾನಾ ಹಿಡಿಯುವುದಕ್ಕೇ ಸರಿ” ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಆ ವರ್ಷ ಅವನು ಗಣಿತದಲ್ಲಿ ನಪಾಸಾದ, ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ.

ಆ ಜಾಹೀರಾತಿನ ಚಿತ್ರ ಮಾತ್ರ ನನ್ನ ಕಣ್ಣಿನಲ್ಲಿ ಉಳಿದುಬಿಟ್ಟಿತ್ತು. ಹುಬ್ಬಳ್ಳಿಯಲ್ಲಿ ಬೇರೆ ನಾಲ್ಕು ಕಾರು ಬಿಟ್ಟು ಇದನ್ನೇ ಆರಿಸಿದ್ದು ಅದಕ್ಕೇ. ಇದನ್ನು ಭಾವನವರಿಗೆ ಹೇಳಿರಲಿಲ್ಲ. ಈಗ ಓದುತ್ತಾರೆ.

ಅವನು ಕಾರಿನ ಬುಡಕ್ಕೆ ಹೋಗಿ ಹೊರಬಂದು, ಮಗನ ಕತ್ತರಿಸಿದ ಸ್ಪ್ರಿಂಗುಗಳನ್ನು ನೋಡಿ ಹೇಳಿದ್ದು ಒಂದೇ ಮಾತು: “ಮೊದಲು ನಿಲ್ಲೋದು ಕಲೀಲಿ ಸರ್, ಆಮೇಲೆ ಓಡೋದು.” ಎಂಜಿನ್ನನ್ನು ಬಿಚ್ಚಿ ಬೇರಿಂಗು ಬದಲಿಸುವ ಕೆಲಸವನ್ನು ಅವನೇ ಮಾಡಿದ. ಉಳಿದದ್ದೆಲ್ಲ ನಿಧಾನಕ್ಕೆ ಮನೆಯಲ್ಲಿಯೇ ಮಾಡಬಹುದು, ನೀವೇ ಮಾಡಿ, ಭಾನುವಾರ ಬಂದು ನೋಡುತ್ತೇನೆ ಎಂದ. ಹಾಗೆ ಐವತ್ತೇಳನೆಯ ವಯಸ್ಸಿನಲ್ಲಿ ನಾನು ಪಾನಾ ಹಿಡಿದೆ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳರ ಪಾನಾಗಳು ಕೈಗೆ ಹೊಂದಿಕೊಳ್ಳಲು ಒಂದು ವರ್ಷವೇ ಬೇಕಾಯಿತು.

ಅವನ ಆ ಮಾತಿನಲ್ಲಿ ಇಡೀ ಕ್ರಮವೇ ಅಡಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಕಡೆಯ ಹುಡುಗರು ಕಾರನ್ನು ‘ಮಾಡಿಫೈ’ ಮಾಡಲು ಹೊರಟರೆ ಮೊದಲು ಸೈಲೆನ್ಸರ್, ಆಮೇಲೆ ದೊಡ್ಡ ಗಾಲಿ, ಆಮೇಲೆ ಸ್ಪೀಕರು. ಬ್ರೇಕಿನ ಸುದ್ದಿ ಅಪಘಾತವಾದ ಮೇಲೆ. ನನ್ನ ವಾದವೇನೆಂದರೆ ಹಳೆಯ ಚುರುಕು ಕಾರನ್ನು ಇಟ್ಟುಕೊಳ್ಳುವವನು ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕು. ಮೊದಲು ಬ್ರೇಕು, ನಂತರ ಟೈರು, ನಂತರ ಶಾಕಬ್ಸರು ಮತ್ತು ಬುಷ್ಷುಗಳು, ನಂತರ ದೀಪ. ಎಂಜಿನ್ನಿಗೆ ಕೈ ಹಾಕುವುದು ಇವೆಲ್ಲ ಆದ ಮೇಲೂ ಹಣ ಉಳಿದಿದ್ದರೆ.

ಬ್ರೇಕಿನ ವಿಷಯದಲ್ಲಿ ನನಗೊಂದು ಅನುಭವ ಆಗಲೇ ಆಗಿತ್ತು. 2009ರ ಏಪ್ರಿಲಿನಲ್ಲಿ ಗೋಕರ್ಣಕ್ಕೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದೆ. ತಿರುವು ತಿರುವಿಗೂ ಬ್ರೇಕು ಒತ್ತುತ್ತ ಬಂದವನಿಗೆ ಅರ್ಧ ದಾರಿಯಲ್ಲಿ ಪೆಡಲು ಬೆಣ್ಣೆಯಲ್ಲಿ ಕಾಲಿಟ್ಟಂತೆ ಒಳಕ್ಕೆ ಇಳಿಯಿತು. ಹಿಂದಿನ ಸೀಟಿನಲ್ಲಿ ನನ್ನ ತಾಯಿ, ತಂಗಿ, ತಂಗಿಯ ಮಗು. ಆ ಕ್ಷಣದಲ್ಲಿ ನೆನಪಾದದ್ದು ನನ್ನ ಯಾವ ಪಾಠವೂ ಅಲ್ಲ, ಆ ಹುಡುಗನ ಪ್ರಶ್ನೆ. ಮೂರನೆಯ ಗೇರು, ಆಮೇಲೆ ಎರಡನೆಯದು, ಜೊತೆಗೆ ಹ್ಯಾಂಡ್‌ಬ್ರೇಕು ಎಳೆಯುತ್ತ ಹೇಗೋ ರಸ್ತೆಯ ಒಳಬದಿಯ ಮಣ್ಣಿಗೆ ಗಾಡಿಯನ್ನು ತಂದು ನಿಲ್ಲಿಸಿದೆ. ಅರ್ಧ ಗಂಟೆಯ ಮೇಲೆ ಪೆಡಲು ತಾನಾಗಿ ಗಟ್ಟಿಯಾಯಿತು. ದೇವರ ದಯೆ ಎಂದು ತಾಯಿ ಕೈಮುಗಿದರು. ಕಾರಣ ಮಾತ್ರ ರಸಾಯನಶಾಸ್ತ್ರದ್ದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದಾಗ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ನಮ್ಮ ಮಳೆಗಾಲದ ತೇವ ಹೇಗಿರುತ್ತದೆಂದು ಗೊತ್ತಿದ್ದೂ ಎಣ್ಣೆಯನ್ನು ಎಂದೂ ಬದಲಿಸದೆ ಇದ್ದ ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನು! ಈಗ ಅದಕ್ಕೊಂದು ಲೆಕ್ಕವಿದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬ್ರೇಕಿನ ಎಣ್ಣೆಯನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆದ್ದರಿಂದ ಅಮ್ಮನವರು ಗದ್ದುಗೆ ಏರುವ ಮೊದಲು ನಮ್ಮ ಅಂಗಳದಲ್ಲಿ ಬ್ಲೀಡಿಂಗ್ ನಡೆಯುತ್ತದೆ. ನನ್ನಾಕೆ ಪೆಡಲು ಒತ್ತುತ್ತಾಳೆ, ನಾನು ಗಾಲಿಯ ಬಳಿ ನಳಿಕೆ ಹಿಡಿದು ಕೂರುತ್ತೇನೆ. ನಲವತ್ತು ವರ್ಷದ ದಾಂಪತ್ಯದಲ್ಲಿ ನಾನು ‘ಒತ್ತು’ ಎಂದಾಗ ಒತ್ತಿ ‘ಬಿಡು’ ಎಂದಾಗ ಬಿಡುವುದು ಆ ಒಂದು ದಿನ ಮಾತ್ರ.

ಟೈರಿನದು ಸಣ್ಣ ಲೆಕ್ಕ. ಇಂದಿನ ಮಕ್ಕಳಿಗೂ ಹೇಳಿಕೊಡಬಹುದು. ಟೈರಿನ ಪಕ್ಕದಲ್ಲಿ 155/80 ಆರ್ 13 ಎಂದಿದ್ದರೆ ಅಗಲ 155 ಮಿಲಿಮೀಟರು, ಎತ್ತರ ಆ ಅಗಲದ ನೂರಕ್ಕೆ ಎಂಬತ್ತು ಭಾಗ, ಒಳಗಿನ ಗಾಲಿ 13 ಅಂಗುಲ. ಅಂದರೆ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರು. ಇದರ ಬದಲು 175/70 ಹಾಕಿದರೆ 575. ಮೂರೇ ಮಿಲಿಮೀಟರಿನ ವ್ಯತ್ಯಾಸ. ವೇಗದ ಮುಳ್ಳು ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸುತ್ತದೆ, ನೆಲ ಹಿಡಿಯುವ ಅಗಲ ಮಾತ್ರ ಹೆಚ್ಚುತ್ತದೆ. ನಾನು ಅಷ್ಟಕ್ಕೆ ನಿಲ್ಲಿಸಿದೆ. ಇನ್ನೂ ಅಗಲದ್ದು ಬೇಕೆಂಬ ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು.

ದೀಪದ ಕೆಲಸವೊಂದನ್ನು ಪೂರ್ತಿಯಾಗಿ ನಾನೇ ಮಾಡಿದೆ ಎಂಬ ಜಂಭ ಇದೆ. ಹಳೆಯ ಕಾರಿನಲ್ಲಿ ಹೆಡ್‌ಲೈಟಿನ ಕರೆಂಟು ಸಣ್ಣ ತಂತಿಯಲ್ಲಿ ಸ್ವಿಚ್ಚಿನವರೆಗೆ ಹೋಗಿ ಬರುವಷ್ಟರಲ್ಲಿ ದಾರಿಯಲ್ಲೇ ಸೋರುತ್ತದೆ. ಬಲ್ಬಿನ ಬಳಿ ಅಳೆದರೆ ಹನ್ನೊಂದು ವೋಲ್ಟಿಗೂ ಕಡಿಮೆ ಇತ್ತು. ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಬ್ಯಾಟರಿಯಿಂದ ದಪ್ಪ ತಂತಿ ಎಳೆದು ನಡುವೆ ಎರಡು ರಿಲೇ ಕೂರಿಸಿದೆ; ಅದೇ ಬಲ್ಬು, ಅದೇ ವ್ಯಾಟು, ಹಗಲಿನಂಥ ಬೆಳಕು. ಎದುರಿನವನ ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸುವವರು ಮೊದಲು ಇದನ್ನು ಮಾಡಿ ನೋಡಲಿ. ಒಮ್ಮೆ ಇಲಿ ಆ ತಂತಿಯನ್ನು ಕಡಿದುಹಾಕಿತು, ಅದು ಬೇರೆ ಮಾತು.

ತುಕ್ಕಿನ ಪ್ರಕರಣ ಹೇಳದಿದ್ದರೆ ನನ್ನ ಶಿಷ್ಯರು ಕ್ಷಮಿಸಲಾರರು. ತೋಟಿಗರ ಮನೆಯಲ್ಲಿ ಕಾರಿನ ಡಿಕ್ಕಿ ಎಂದರೆ ಗೋದಾಮು. 2015ರ ಮಳೆಗಾಲದ ಮೊದಲು ಕೊಳೆ ಔಷಧಿಗೆಂದು ತಂದ ಮೈಲುತುತ್ತಿನ ಚೀಲವೊಂದು ಡಿಕ್ಕಿಯಲ್ಲಿ ಒಡೆದು ಪುಡಿ ಚೆಲ್ಲಿತ್ತು. ಗುಡಿಸಿದೆ, ಚಾಪೆಯ ಕೆಳಗೆ ಉಳಿದದ್ದನ್ನು ಗಮನಿಸಲಿಲ್ಲ. ಡಿಕ್ಕಿಯ ರಬ್ಬರು ಹಳೆಯದಾಗಿ ಮಳೆನೀರು ಒಳಗೆ ಇಳಿಯುತ್ತಿತ್ತು. ಅಕ್ಟೋಬರಿನಲ್ಲಿ ಚಾಪೆ ಎತ್ತಿದರೆ ತಗಡಿನ ಮೇಲೆ ಕೆಂಪನೆಯ ಪೊರೆ, ಅದರ ನಡುವೆ ನೆಲ ಕಾಣುವ ತೂತುಗಳು. ತಾಮ್ರದ ಸಲ್ಫೇಟಿನ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಹೊರಬರುತ್ತದೆ ಎಂದು ನಿಮಗೆಲ್ಲ ವರ್ಷ ವರ್ಷವೂ ಗಾಜಿನ ನಳಿಕೆಯಲ್ಲಿ ತೋರಿಸಿದವನ ಡಿಕ್ಕಿಯಲ್ಲಿ ಅದೇ ಪ್ರಯೋಗ ನಾಲ್ಕು ತಿಂಗಳು ಸದ್ದಿಲ್ಲದೆ ನಡೆದಿತ್ತು. ಕೊಳೆತ ಭಾಗವನ್ನು ಕತ್ತರಿಸಿ, ಹೊಸ ತಗಡು ಬೆಸೆಯಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಎರಡು ಕೈ ಹಚ್ಚುವುದರಲ್ಲಿ ಅಡಿಕೆ ಕೊಯ್ಲೇ ಬಂದಿತ್ತು. ಈಗ ಔಷಧಿಯ ಚೀಲ ಬಾಡಿಗೆ ರಿಕ್ಷಾದಲ್ಲಿ ಬರುತ್ತದೆ.

ಮನೆಯಲ್ಲಿ ಕೆಲಸ ಮಾಡಿಕೊಳ್ಳಿ ಎಂದು ಹುರಿದುಂಬಿಸುವವನು ಇದನ್ನೂ ಹೇಳಬೇಕು. 2013ರ ಆಗಸ್ಟಿನಲ್ಲಿ ಮುಂದಿನ ಲೋವರ್ ಆರ್ಮಿನ ಬುಷ್ಷು ಬದಲಿಸಲು ಜಾಕ್ ಕೊಟ್ಟು, ಭದ್ರತೆಗೆಂದು ಮನೆ ಕಟ್ಟಿ ಉಳಿದ ಚಿರೆಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಕಾರನ್ನು ಕೂರಿಸಿದ್ದೆ. ಮೊಣಕೈವರೆಗೆ ಬುಡದಲ್ಲಿದ್ದವನು ನನ್ನಾಕೆ ಚಹಾಕ್ಕೆ ಕರೆದಳೆಂದು ಎದ್ದು ಜಗಲಿಗೆ ಬಂದೆ. ಲೋಟ ತುಟಿಗೆ ತಾಗುವಷ್ಟರಲ್ಲಿ ದಡ್ ಎಂಬ ಸದ್ದು. ಮಳೆಗೆ ನೆನೆದ ಚಿರೆಕಲ್ಲು ಬಿಸ್ಕತ್ತಿನಂತೆ ಮುರಿದಿತ್ತು. ಕಾರು ಗಾಲಿಯಿಲ್ಲದ ಮೂಲೆಯ ಮೇಲೆ ಕುಳಿತಿತ್ತು, ನನ್ನ ತಲೆ ಇದ್ದಲ್ಲಿಯೇ. ಆ ಸಂಜೆ ಶಿಷ್ಯ ಬಂದು ನೋಡಿ, ಅದುವರೆಗೆ ಎಂದೂ ಆಡದ ರೀತಿಯಲ್ಲಿ ನನ್ನನ್ನು ಬೈದ. ಹತ್ತನೆಯ ತರಗತಿಯಲ್ಲಿ ನಾನು ಅವನಿಗೆ ಆಡಿದ್ದಕ್ಕಿಂತ ಕಡಿಮೆಯೇ. ಮರುದಿನವೇ ಕಬ್ಬಿಣದ ಎರಡು ಸ್ಟ್ಯಾಂಡು ತಂದುಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ. ಜಾಕನ್ನಾಗಲಿ ಕಲ್ಲನ್ನಾಗಲಿ ನಂಬಿ ಯಾರೂ ಕಾರಿನ ಬುಡಕ್ಕೆ ಹೋಗಬೇಡಿ. ಇದು ಈ ಬರಹದಲ್ಲಿ ನಾನು ಗುರುವಾಗಿ ಹೇಳುವ ಒಂದೇ ಮಾತು.

ಇನ್ನು ಕಾನೂನು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ತರುಣರು ಇದನ್ನು ದಬ್ಬಾಳಿಕೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶಿರಸಿಯ ಪೇಟೆಯಲ್ಲಿ ಸೈಲೆನ್ಸರ್ ಕಿತ್ತುಹಾಕಿ ಗುಡುಗಿಸಿಕೊಂಡು ಹೋಗುವವನು ತನ್ನ ಕಾರಿಗೆ ಶಕ್ತಿ ಕೊಟ್ಟಿಲ್ಲ, ಸದ್ದು ಕೊಟ್ಟಿದ್ದಾನೆ. ಜೊತೆಗೆ ಹೊಗೆಯ ವಿಷವನ್ನು ಕಡಿಮೆ ಮಾಡುವ ಕನ್ವರ್ಟರನ್ನೂ ಕಳಚಿ ಎಸೆದಿರುತ್ತಾನೆ. ಆದರೆ ಸವೆದ ಬುಷ್ಷಿಗೆ ಗಟ್ಟಿಯಾದ ಬುಷ್ಷು, ಸೋರುವ ಶಾಕಬ್ಸರಿಗೆ ಒಳ್ಳೆಯ ಶಾಕಬ್ಸರು, ಮಂಕು ದೀಪಕ್ಕೆ ರಿಲೇ, ಇಂಥವುಗಳಿಂದ ಕಾರಿನ ಗುರುತು ಬದಲಾಗುವುದಿಲ್ಲ, ಅದರ ನಡತೆ ಸುಧಾರಿಸುತ್ತದೆ. ನನ್ನ ಮಟ್ಟಿಗೆ ಮಾರ್ಪಾಡು ಎಂದರೆ ಇಷ್ಟೇ.

ಮಗನ ವಾದದಲ್ಲಿ ನಾನು ಒಪ್ಪಲೇಬೇಕಾದ ಭಾಗವಿದೆ. 2020ರಿಂದ ಮಾರಾಟವಾಗುತ್ತಿರುವ ಭಾರತ್ ಸ್ಟೇಜ್ 6ರ ಕಾರಿಗೆ ಹೋಲಿಸಿದರೆ ನನ್ನದು ಹೆಚ್ಚು ಹೊಗೆಯುಗುಳುವ ತಲೆಮಾರಿನದು. ಅದರಲ್ಲಿ ಏರ್‌ಬ್ಯಾಗು ಇಲ್ಲ. ಮೊಮ್ಮಗಳನ್ನು ಅದರಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಡಿ ಎಂದು ಸೊಸೆ ಹೇಳಿದಾಗ ನನಗೆ ನೋವಾಯಿತು, ಆದರೆ ಅವಳದ್ದೇ ಸರಿ, ಹೋಗುವುದಿಲ್ಲ. ತಿಂಗಳಿಗೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ನಾನು ಓಡಿಸುವುದೂ ಇಲ್ಲ. ಹೊಸ ಪೆಟ್ರೋಲಿನದು ಮತ್ತೊಂದು ತೊಡಕು. 2025ರಲ್ಲಿ ದೇಶದಲ್ಲಿ ಶೇಕಡಾ 20ರ ಎಥನಾಲ್ ಮಿಶ್ರಣ ಬಂತು. 2002ರ ಕಾರನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲಿನ ನಳಿಕೆಗಳನ್ನೆಲ್ಲ ಬದಲಿಸಿದ್ದೇನೆ. ಮಳೆಗಾಲದಲ್ಲಿ ಟಾಕಿಯಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ನಿಂತಿರಲು ಬಿಡುವುದಿಲ್ಲ.

ಹಾಗಾದರೂ, ಹುಟ್ಟಿದ ತಾರೀಖು ನೋಡಿ ಗುಜರಿಗೆ ಕಳಿಸುವುದು ನ್ಯಾಯವಲ್ಲ ಎಂಬ ನನ್ನ ಮಾತಿಗೆ ನಾನು ಬದ್ಧ. ದೆಹಲಿಯಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶ ಹಾಗೆ ವಯಸ್ಸಿನ ಗೆರೆ ಎಳೆಯಿತು: ಡೀಸೆಲಿಗೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2025ರಲ್ಲಿ ಪ್ರಶ್ನೆ ಮತ್ತೆ ಅದೇ ಕೋರ್ಟಿನ ಮುಂದೆ ಬಂತು. ಆ ನಗರದ ಗಾಳಿಯ ಕಷ್ಟ ನನಗೆ ಗೊತ್ತಿದೆ, ಅದರ ಬಗ್ಗೆ ಶಿರಸಿಯಲ್ಲಿ ಕುಳಿತು ತೀರ್ಪು ಕೊಡಲಾರೆ. ಆದರೆ 2021ರ ಕೇಂದ್ರದ ಗುಜರಿ ನೀತಿ ಖಾಸಗಿ ವಾಹನದ ಮಟ್ಟಿಗೆ ವಯಸ್ಸಿಗಿಂತ ತಪಾಸಣೆಯನ್ನು ಮುಂದಿಟ್ಟದ್ದು ಸರಿಯಾದ ದಾರಿ. ತಪಾಸಣೆ ಕಟ್ಟುನಿಟ್ಟಾಗಿ ಇರಲಿ. ಬ್ರೇಕನ್ನು ಯಂತ್ರದ ಮೇಲೆ ನಿಲ್ಲಿಸಿ ಅಳೆಯಲಿ, ಹೊಗೆಯನ್ನು ಅಳೆಯಲಿ, ತಗಡನ್ನು ತಟ್ಟಿ ನೋಡಲಿ. ನಪಾಸಾದರೆ ನಾನೇ ತೆಗೆದುಕೊಂಡು ಹೋಗಿ ಗುಜರಿಗೆ ಕೊಡುತ್ತೇನೆ. ಪರೀಕ್ಷೆಗೆ ಕೂರಿಸುವ ಮೊದಲೇ ಇವನು ಇಷ್ಟಕ್ಕೇ ಸರಿ ಎಂದು ಹೇಳಿಬಿಡುವುದರ ಫಲವನ್ನು ನಾನು ಒಮ್ಮೆ ಕಂಡಿದ್ದೇನೆ.

ಮಗನ ಎಲೆಕ್ಟ್ರಿಕ್ ಕಾರಿನ ಬಗ್ಗೆಯೂ ನನಗೆ ವಿರೋಧವಿಲ್ಲ. ಬರಲಿ. ನನ್ನ ಪ್ರಶ್ನೆ ಒಂದೇ: ಅದನ್ನು ಅಂಗಳದಲ್ಲಿ ಬಿಚ್ಚಲು ಬಿಡುತ್ತಾರೆಯೇ? ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ಕೃಷಿ ಉಪಕರಣ, ಫೋನು, ಮನೆಬಳಕೆಯ ಯಂತ್ರಗಳ ಜೊತೆಗೆ ವಾಹನಗಳನ್ನೂ ಅದರ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ನಮ್ಮ ಸೀಮೆಯಲ್ಲಿ ಎಂ-80 ಗಾಡಿಯನ್ನು ತೋಟದ ಕತ್ತೆ ಮಾಡಿಕೊಂಡವರು, ಅಡಿಕೆ ಸುಲಿಯುವ ಯಂತ್ರವನ್ನು ಮನೆಯ ಹಿತ್ತಲಲ್ಲಿ ತಿದ್ದಿ ತೀಡಿದವರು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಬಿಚ್ಚಲು ಬಾರದ ಯಂತ್ರದ ಮುಂದೆ ಅಂಥವರ ಮಕ್ಕಳು ಏನು ಮಾಡಿಯಾರು?

ನಿವೃತ್ತಿಯ ಹೊತ್ತಿನಲ್ಲಿ, 2014ರಲ್ಲಿ, ಅವನ ಗ್ಯಾರೇಜಿಗೆ ಹೋಗಿ ಹಳೆಯ ಮಾತನ್ನು ಎತ್ತಿದೆ. ಇಪ್ಪತ್ತು ವರ್ಷದ ಕೆಳಗೆ ಹಾಗೆ ಅಂದದ್ದು ತಪ್ಪಾಯಿತು ಎಂದೆ. ಅವನು ತಲೆಯೆತ್ತದೆ, “ಅದೇನು ಸರ್, ನಿಮ್ಮ ಮಾತು ನಿಜವಾಯ್ತಲ್ಲ” ಎಂದು ನಕ್ಕ. ಅದು ಕ್ಷಮೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ನಾನು ಇನ್ನೇನೋ ಹೇಳಲು ಹೊರಟೆ. ಅವನು ಕೈ ಚಾಚಿ, “ಸರ್, ಆ ಹತ್ತರ ಪಾನಾ ಕೊಡಿ” ಎಂದ. ಕೊಟ್ಟೆ.

ಅವನ ಮಗಳು ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಕಳೆದ ಭಾನುವಾರ ಅಪ್ಪನ ಜೊತೆ ನಮ್ಮ ಅಂಗಳಕ್ಕೆ ಬಂದಿದ್ದಳು. ಹಿಂದಿನ ಎಡಗಾಲಿಯ ಬ್ರೇಕ್ ಸಿಲಿಂಡರು ಸ್ವಲ್ಪ ಸೋರುತ್ತಿದೆ. ಡ್ರಮ್ಮು ಬಿಚ್ಚಿ ನೋಡಿ ಲೈನರೂ ಸವೆದಿದೆ ಎಂದಳು. ಬಿಡಿಭಾಗ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಬೇಕು, ಬುಧವಾರವಾದೀತು. ಅಲ್ಲಿಯವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ ಇದೆ. ಈ ವಾರ ಬರುವ ಯೋಚನೆಯಿದ್ದವರು ಬಸ್ಸಿನಲ್ಲಿಯೇ ಬನ್ನಿ, ಶಿರಸಿಗೆ ಬಂದು ಕರೆತರಲು ಆಗದು.